ಹದಿನೈದು ವರ್ಷ ಇಟ್ಟುಕೊಂಡ ಪುಸ್ತಕ

ಪುಣೆಗೆ ಬಂದ ಮೇಲೆ ಇದು ನಮ್ಮ ನಾಲ್ಕನೇ ಮನೆ. ಕಳೆದ ಮೇ ತಿಂಗಳಲ್ಲಿ ವಾಕಡ್‌ನಲ್ಲೇ ಒಂದು ಬಿಲ್ಡಿಂಗ್‌ನಿಂದ ಇನ್ನೊಂದಕ್ಕೆ ಸಾಮಾನು ಸಾಗಿಸಿದೆವು. ಮನೆ ಬದಲಿಸಿದಾಗಲೆಲ್ಲ ಬಿಚ್ಚದೆ ಹಾಗೆಯೇ ಹೊಸ ಮನೆಯ ಅಟ್ಟಕ್ಕೆ ಹೋಗುವ ಒಂದು ರಟ್ಟಿನ ಪೆಟ್ಟಿಗೆ ನಿಮ್ಮಲ್ಲೂ ಇರುತ್ತದೆ, ಅಲ್ಲವೇ? ನಮ್ಮ ಆ ಪೆಟ್ಟಿಗೆಯ ತಳ ಈ ಸಲ ಲಿಫ್ಟಿನಲ್ಲೇ ಕಿತ್ತುಬಂತು. ಮಾರ್ಕ್ಸ್ ಕಾರ್ಡುಗಳು, ಹಳೆಯ ಲಾಗ್ ಟೇಬಲ್, ಒಂದು ಗ್ರೂಪ್ ಫೋಟೋ, ಇವುಗಳ ಜೊತೆ ಒಂದು ಪುಸ್ತಕ ನೆಲಕ್ಕೆ ಬಿತ್ತು. ಆರ್. ರಾಜಾರಾಮನ್ ಅವರ ‘ಸಾಲಿಟಾನ್ಸ್ ಅಂಡ್ ಇನ್‌ಸ್ಟಾಂಟಾನ್ಸ್’.

ನನ್ನ ಹೆಂಡತಿ ಅದನ್ನು ಎತ್ತಿಕೊಂಡು ಮೊದಲ ಪುಟ ತೆರೆದಳು. ಅಲ್ಲಿದ್ದ ಸಹಿ ನೋಡಿ ಕೇಳಿದಳು.

“ಇದು ನಿಮ್ಮದಲ್ವಾ?”

“ಅಲ್ಲ, ನಮ್ಮ ಮೇಷ್ಟ್ರದು.”

“ಮತ್ತೆ ಇಲ್ಲೇನು ಮಾಡ್ತಿದೆ?”

ಪ್ಯಾಕರ್ಸ್‌ನವರು ಕಾಯುತ್ತಿದ್ದರು. ಅದೇ ನೆಪ ಮಾಡಿಕೊಂಡು ನಾನು ಉತ್ತರ ಕೊಡಲಿಲ್ಲ.

ಉತ್ತರ ಇದು. 2008ರಿಂದ 2010ರವರೆಗೆ ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿದೆ. ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟಿಗೆ ಗೈಡ್ ಆಗಿದ್ದ ಮೇಷ್ಟ್ರು ತಮ್ಮ ಸ್ವಂತ ಪ್ರತಿಯನ್ನು ನನ್ನ ಕೈಗಿತ್ತು, “ಜೆರಾಕ್ಸ್ ಮಾಡಿಸ್ಕೊಂಡು ವಾಪಸ್ ಕೊಡು” ಎಂದಿದ್ದರು. ಜೆರಾಕ್ಸ್ ಮಾಡಿಸಲು ಮುನ್ನೂರು ಚಿಲ್ಲರೆ ರೂಪಾಯಿ ಬೇಕಿತ್ತು. ಮುಂದಿನ ತಿಂಗಳು ಮಾಡಿಸೋಣ ಎಂದುಕೊಂಡೆ. ಅಷ್ಟರಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರ ಆಫರ್ ಬಂತು. ಊರಲ್ಲಿ ಅಪ್ಪ ಎರಡು ಬೋರ್ ಕೊರೆಸಿದ್ದರು, ಎರಡೂ ಫೇಲ್ ಆಗಿದ್ದವು. ಅಕ್ಕನ ಮದುವೆಯ ಸಾಲ ಬೇರೆ. ಪಿಎಚ್.ಡಿ.ಗೆ ಅರ್ಜಿ ಹಾಕಲು ಮೇಷ್ಟ್ರು ಬರೆದುಕೊಟ್ಟ ಪತ್ರವೂ ನನ್ನ ಬ್ಯಾಗಿನಲ್ಲೇ ಇತ್ತು. ನಾನು ಅವರಿಗೆ ಹೇಳಿದೆ: “ಸಾರ್, ಎರಡೇ ಎರಡು ವರ್ಷ. ಸಾಲ ತೀರಿಸಿ ಬಂದುಬಿಡ್ತೀನಿ.”

ಅವರು “ಆಯ್ತಪ್ಪ” ಎಂದರು. ಪುಸ್ತಕ ಕೇಳಲಿಲ್ಲ. ನಾನು ಕೊಡಲೂ ಇಲ್ಲ.

ಮೇಷ್ಟ್ರಿಗೆ ಆ ಪುಸ್ತಕದ ಬಗ್ಗೆ ಒಂದು ಹೆಮ್ಮೆಯಿತ್ತು. ಕ್ವಾಂಟಮ್ ಫೀಲ್ಡ್ ಥಿಯರಿಯಲ್ಲಿ ಸಾಲಿಟಾನ್ ಮತ್ತು ಇನ್‌ಸ್ಟಾಂಟಾನ್ ಕಲಿಯುವವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ರಾಜಾರಾಮನ್ ಪುಸ್ತಕ ಹಿಡಿಯುತ್ತಾರೆ. 1982ರಲ್ಲಿ ಅದು ಹೊರಬಂದಾಗ ಅವರು ಬೆಂಗಳೂರಿನ ಐಐಎಸ್‌ಸಿಯಲ್ಲಿದ್ದರು. “ಇದು ಪ್ರಿನ್ಸ್‌ಟನ್ನಿಂದ ಬಂದಿದ್ದಲ್ಲ ಕಣ್ರಯ್ಯ, ಯಶವಂತಪುರದ ಪಕ್ಕದಿಂದ ಬಂದಿದ್ದು” ಎಂದು ಮೇಷ್ಟ್ರು ಕ್ಲಾಸಿನಲ್ಲಿ ಹೇಳುತ್ತಿದ್ದರು.

ಈ ವಿಷಯ ಶುರುವಾಗುವುದು ಮಾತ್ರ ಒಂದು ಕಾಲುವೆಯ ದಂಡೆಯಲ್ಲಿ. 1834ರ ಆಗಸ್ಟ್ ತಿಂಗಳು. ಸ್ಕಾಟ್ಲೆಂಡಿನ ಎಡಿನ್‌ಬರೋ ಹತ್ತಿರದ ಯೂನಿಯನ್ ಕಾಲುವೆಯಲ್ಲಿ ಜಾನ್ ಸ್ಕಾಟ್ ರಸೆಲ್ ಎಂಬ ಯುವ ಎಂಜಿನಿಯರ್, ಎರಡು ಕುದುರೆಗಳು ಎಳೆಯುತ್ತಿದ್ದ ದೋಣಿಯನ್ನು ಗಮನಿಸುತ್ತಿದ್ದ. ದೋಣಿ ತಟ್ಟನೆ ನಿಂತಿತು. ದೋಣಿಯ ಮುಂದೆ ಒತ್ತಿಕೊಂಡಿದ್ದ ನೀರು ನಿಲ್ಲಲಿಲ್ಲ. ದುಂಡಗೆ, ನುಣುಪಾಗಿ ಉಬ್ಬಿದ ಒಂದೇ ಒಂದು ಅಲೆಯಾಗಿ ಮುಂದಕ್ಕೆ ಹೊರಟಿತು. ಸುಮಾರು 30 ಅಡಿ ಉದ್ದ, ಒಂದರಿಂದ ಒಂದೂವರೆ ಅಡಿ ಎತ್ತರ. ರಸೆಲ್ ಕುದುರೆಯೇರಿ ಅದರ ಹಿಂದೆ ಹೊರಟ. ಗಂಟೆಗೆ ಎಂಟೊಂಬತ್ತು ಮೈಲಿ ವೇಗದಲ್ಲಿ, ಆಕಾರ ಕೆಡಿಸಿಕೊಳ್ಳದೆ ಅಲೆ ಹೋಗುತ್ತಲೇ ಇತ್ತು. ಒಂದೆರಡು ಮೈಲಿ ಬೆನ್ನಟ್ಟಿದ ಮೇಲೆ ಕಾಲುವೆಯ ತಿರುವುಗಳಲ್ಲಿ ಅದು ಅವನ ಕಣ್ಣು ತಪ್ಪಿಸಿಕೊಂಡಿತು.

ಸಾಮಾನ್ಯ ಅಲೆ ಹೀಗೆ ಮಾಡುವುದಿಲ್ಲ. ಕೆರೆಗೆ ಕಲ್ಲೆಸೆದರೆ ಅಲೆ ಹರಡುತ್ತದೆ, ತೆಳುವಾಗುತ್ತದೆ, ಮಾಯವಾಗುತ್ತದೆ. ಕಾಲುವೆಯಂಥ ಆಳವಿಲ್ಲದ ನೀರಿನಲ್ಲಿ ಇನ್ನೊಂದು ಗುಣವೂ ಕೆಲಸ ಮಾಡುತ್ತದೆ. ಎತ್ತರದ ಭಾಗ ತಗ್ಗಿನ ಭಾಗಕ್ಕಿಂತ ವೇಗವಾಗಿ ಹೋಗಲು ನೋಡುತ್ತದೆ, ಹಾಗಾಗಿ ಅಲೆ ಮುಂದಕ್ಕೆ ವಾಲಿ ಕಡಿದಾಗುತ್ತದೆ. ಹರಡುವ ಗುಣ ಮತ್ತು ಕಡಿದಾಗುವ ಗುಣ ಸರಿಸಮವಾಗಿ ತೂಗಿದರೆ ಅಲೆ ಹಾಗೆಯೇ ಉಳಿಯುತ್ತದೆ. ಅದರ ಸಮೀಕರಣವನ್ನು ಕಾರ್ಟವೆಗ್ ಮತ್ತು ಡಿ ವ್ರೀಸ್ ಬರೆದದ್ದು 1895ರಲ್ಲಿ. ಇಂಥ ಎರಡು ಅಲೆಗಳು ಡಿಕ್ಕಿಯಾದ ಮೇಲೂ ತಮ್ಮ ಆಕಾರ ಉಳಿಸಿಕೊಂಡು ಹೊರಬರುತ್ತವೆ ಎಂದು ಕಂಪ್ಯೂಟರಿನಲ್ಲಿ ಕಂಡುಕೊಂಡು, ‘ಸಾಲಿಟಾನ್’ ಎಂದು ಜಬುಸ್ಕಿ ಮತ್ತು ಕ್ರುಸ್ಕಲ್ ಹೆಸರಿಟ್ಟದ್ದು 1965ರಲ್ಲಿ. ಎಲೆಕ್ಟ್ರಾನ್, ಪ್ರೋಟಾನ್ ಇದ್ದಂತೆ ಸಾಲಿಟಾನ್. ಅಲೆಯೇ ಆದರೂ ಕಣದಂತೆ ನಡೆದುಕೊಳ್ಳುತ್ತದೆ ಎಂಬ ಸೂಚನೆ ಹೆಸರಿನಲ್ಲೇ ಇದೆ.

ನನಗೆ ಈ ಕಥೆ ಹಿಡಿಸಲು ಕಾರಣ ಕಾಲುವೆ. ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ. ಕೊನೆ ಭಾಗ ಎಂದರೆ ಏನೆಂದು ಮಂಡ್ಯದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಆರ್‌ಎಸ್‌ನಲ್ಲಿ ನೀರು ಬಿಟ್ಟ ಸುದ್ದಿ ಮೊದಲು ಬರುತ್ತದೆ, ನೀರು ಆಮೇಲೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಕಟ್ಟು ಪದ್ಧತಿಯಲ್ಲಿ ನೀರು ಬಿಡುವ ದಿನ ಅಪ್ಪ ರಾತ್ರಿಯೇ ಟಾರ್ಚ್ ಹಿಡಿದು ನಾಲೆ ಏರಿಯ ಮೇಲೆ ಕೂರುತ್ತಿದ್ದರು, ನಾನೂ ಜೊತೆಗೆ. ಒಣಗಿದ ನಾಲೆಯಲ್ಲಿ ನೀರಿನ ತುದಿ ತರಗೆಲೆ, ನೊರೆ, ಪ್ಲಾಸ್ಟಿಕ್ಕನ್ನೆಲ್ಲ ತಳ್ಳಿಕೊಂಡು ಬರುವುದನ್ನು ಅಲ್ಲೇ ನೋಡಿದ್ದು. ಅದರ ಹಿಂದೆ ನೀರು, ಮುಂದೆ ಒಣನೆಲ.

ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ತಕ್ಷಣ ತಿದ್ದಿದ್ದರು. “ಅದು ರಸೆಲ್ ನೋಡಿದ ಅಲೆ ಅಲ್ಲ. ಅವನ ಅಲೆಗೆ ಹಿಂದೆಯೂ ಮುಂದೆಯೂ ನೀರಿನ ಮಟ್ಟ ಒಂದೇ. ನಿನ್ನದರಲ್ಲಿ ಎರಡು ಕಡೆ ಎರಡು ಸ್ಥಿತಿ. ಅದು ಲೆಕ್ಕದ ಸಾಲಿಟಾನ್ ಅಲ್ಲ. ಆದರೆ ನಾವು ಈಗ ನೋಡೋದಿದೆಯಲ್ಲ, ಕಿಂಕ್, ಅದಕ್ಕೆ ಸ್ವಲ್ಪ ಹತ್ತಿರ.” ನಾನು ಮಂಡ್ಯದವನೆಂದು ಅವರು ಕಬ್ಬಿನ ಗದ್ದೆಗೇ ಹೋದರು.

ಕಬ್ಬು ನೆಡಲು ಸಾಲು ಹೊಡೆದ ಗದ್ದೆ. ಅಕ್ಕಪಕ್ಕ ಎರಡು ಸಾಲು, ನಡುವೆ ಏರಿಸಿದ ಮಣ್ಣು. ಕೊನೆಯೇ ಇಲ್ಲದಷ್ಟು ಉದ್ದದ ಒಂದು ಹಗ್ಗವನ್ನು ಒಂದು ಸಾಲಿನೊಳಗೆ ಉದ್ದಕ್ಕೂ ಬಿಡಿ. ಅದು ನೆಮ್ಮದಿಯಾಗಿ ಬಿದ್ದಿರುತ್ತದೆ. ಪಕ್ಕದ ಸಾಲಿನಲ್ಲಿ ಬಿಟ್ಟರೂ ಅಷ್ಟೇ ನೆಮ್ಮದಿ. ಈಗ ಹಗ್ಗದ ಎಡಭಾಗವೆಲ್ಲ ಮೊದಲ ಸಾಲಿನಲ್ಲಿದೆ, ಬಲಭಾಗವೆಲ್ಲ ಎರಡನೇ ಸಾಲಿನಲ್ಲಿದೆ ಎಂದುಕೊಳ್ಳಿ. ಎಲ್ಲೋ ಒಂದು ಕಡೆ ಅದು ನಡುವಿನ ಮಣ್ಣನ್ನು ಹತ್ತಿ ಇಳಿಯಲೇಬೇಕು. ಹತ್ತಿ ಇಳಿಯುವ ಆ ಸಣ್ಣ ಭಾಗವೇ ಕಿಂಕ್. ಶಕ್ತಿಯೆಲ್ಲ ಅಲ್ಲೇ ಗುಡ್ಡೆಯಾಗಿರುತ್ತದೆ. ದಾಟುವ ಜಾಗವನ್ನು ಆ ಕಡೆ ಈ ಕಡೆ ಜರುಗಿಸಬಹುದು. ಕಿಂಕ್ ಒಂದು ಕಣದಂತೆ ಓಡಾಡುತ್ತದೆ. ಇಲ್ಲವಾಗಿಸಬೇಕೆಂದರೆ ಮಾತ್ರ ಅರ್ಧ ಹಗ್ಗವನ್ನು ಪೂರ್ತಿ ಎತ್ತಿ ಪಕ್ಕದ ಸಾಲಿಗೆ ಹಾಕಬೇಕು. ಹಗ್ಗಕ್ಕೆ ಕೊನೆಯೇ ಇಲ್ಲದ ಮೇಲೆ ಅದಕ್ಕೆ ಬೇಕಾದ ಶಕ್ತಿಗೂ ಕೊನೆಯಿಲ್ಲ. ಕಿಂಕ್ ಉಳಿಯುವುದು ಅದು ಗಟ್ಟಿ ವಸ್ತುವಾಗಿರುವುದರಿಂದಲ್ಲ, ಎರಡು ತುದಿಗಳು ಬೇರೆ ಬೇರೆ ಕಡೆ ನೆಲೆ ನಿಂತಿರುವುದರಿಂದ.

ಹಗ್ಗದ ಜಾಗದಲ್ಲಿ ಫೀಲ್ಡ್ ಇಟ್ಟರೆ ಭೌತಶಾಸ್ತ್ರ. ನನ್ನ ಪ್ರಾಜೆಕ್ಟ್ ಇದೇ ಆಗಿತ್ತು: ಈ ಕಿಂಕ್‌ನ ಶಕ್ತಿ, ಅಂದರೆ ಅದರ ದ್ರವ್ಯರಾಶಿ, ಎಷ್ಟೆಂದು ಲೆಕ್ಕ ಹಾಕುವುದು. ಫೀಲ್ಡು ತನ್ನ ಜೊತೆ ತಾನೇ ಎಷ್ಟು ಬಲವಾಗಿ ವರ್ತಿಸುತ್ತದೆ ಎಂಬುದನ್ನು ಲ್ಯಾಂಬ್ಡಾ ಎಂಬ ಸಂಖ್ಯೆಯಿಂದ ಅಳೆಯುತ್ತಾರೆ. ಸಾಮಾನ್ಯವಾಗಿ ಲ್ಯಾಂಬ್ಡಾ ಸೊನ್ನೆ ಎಂದಿಟ್ಟು ಸುಲಭದ ಲೆಕ್ಕ ಮಾಡುತ್ತಾರೆ. ಆಮೇಲೆ ಲ್ಯಾಂಬ್ಡಾದ ಒಂದು ತಿದ್ದುಪಡಿ, ಅದರ ವರ್ಗದ ಇನ್ನೂ ಸಣ್ಣ ತಿದ್ದುಪಡಿ, ಹೀಗೆ ಸೇರಿಸುತ್ತಾ ಹೋಗುತ್ತಾರೆ. ಕಿಂಕ್‌ನ ದ್ರವ್ಯರಾಶಿಯಲ್ಲಿ ಲ್ಯಾಂಬ್ಡಾ ಕೂತಿರುವುದು ಛೇದದಲ್ಲಿ. ಲ್ಯಾಂಬ್ಡಾ ಸೊನ್ನೆಯ ಹತ್ತಿರ ಹೋದಷ್ಟೂ ಕಿಂಕ್ ಭಾರವಾಗುತ್ತದೆ. ಸೊನ್ನೆಯಿಂದ ಹೊರಟು ಸಣ್ಣ ಸಣ್ಣ ಹೆಜ್ಜೆಯಿಟ್ಟು ಹೋಗುವವನಿಗೆ ಅದು ದಾರಿಯಲ್ಲಿ ಸಿಗುವುದೇ ಇಲ್ಲ.

ಇನ್‌ಸ್ಟಾಂಟಾನ್ ಇದರ ಒಡಹುಟ್ಟು. ಹಗ್ಗ ಬಿಟ್ಟು ಈಗ ಒಂದು ಗೋಲಿ ತೆಗೆದುಕೊಳ್ಳಿ. ಒಂದು ಸಾಲಿನಲ್ಲಿದೆ, ಮಣ್ಣು ಹತ್ತಿ ದಾಟುವಷ್ಟು ಶಕ್ತಿ ಅದಕ್ಕಿಲ್ಲ. ನಮ್ಮ ದಿನನಿತ್ಯದ ಜಗತ್ತಿನಲ್ಲಿ ಅದು ಅಲ್ಲೇ ಇರುತ್ತದೆ. ಕ್ವಾಂಟಮ್ ಜಗತ್ತಿನಲ್ಲಿ ಪಕ್ಕದ ಸಾಲಿನಲ್ಲೂ ಅದು ಕಾಣಿಸಿಕೊಳ್ಳಬಹುದು. ಇದು ಬರೀ ಕಲ್ಪನೆಯಲ್ಲ. ಅಮೋನಿಯಾ ಅಣುವಿನಲ್ಲಿ ಮೂರು ಹೈಡ್ರೋಜನ್‌ಗಳು ಒಂದು ಸಮತಲದಲ್ಲಿದ್ದರೆ ನೈಟ್ರೋಜನ್ ಅದರ ಒಂದು ಬದಿಯಲ್ಲಿರುತ್ತದೆ. ನಡುವಿನ ತಡೆಯನ್ನು ಹತ್ತುವ ಶಕ್ತಿಯಿಲ್ಲದಿದ್ದರೂ ಈ ಬದಿಗೂ ಆ ಬದಿಗೂ ಸೆಕೆಂಡಿಗೆ ಸುಮಾರು 2,400 ಕೋಟಿ ಸಲ ತೂಗಾಡುತ್ತದೆ. 1954ರಲ್ಲಿ ಟೌನ್ಸ್ ಮತ್ತು ಸಂಗಡಿಗರು ಮೊದಲ ಮೇಸರ್ ಯಂತ್ರ ಮಾಡಿದ್ದು ಇದೇ ತೂಗಾಟವನ್ನು ಬಳಸಿಕೊಂಡು.

ಈ ದಾಟುವಿಕೆಯನ್ನು ಲೆಕ್ಕ ಹಾಕಲು ಒಂದು ಉಪಾಯವಿದೆ. ಸಮೀಕರಣದಲ್ಲಿ ಕಾಲವನ್ನು ಕಾಲ್ಪನಿಕ ಸಂಖ್ಯೆ ಮಾಡಿಬಿಟ್ಟರೆ ಹಳ್ಳಗಳು ದಿಬ್ಬಗಳಾಗುತ್ತವೆ, ನಡುವಿನ ದಿಬ್ಬ ಹಳ್ಳವಾಗುತ್ತದೆ. ಗೋಲಿ ಒಂದು ದಿಬ್ಬದ ತುದಿಯಿಂದ ಮೆಲ್ಲಗೆ ಜಾರಿ, ಹಳ್ಳ ಹಾದು, ಎದುರಿನ ದಿಬ್ಬದ ತುದಿ ಮುಟ್ಟುತ್ತದೆ. ಆ ದಾರಿಯ ಗೆರೆ ಎಳೆದು ನೋಡಿದರೆ ಅದು ಕಿಂಕ್‌ನ ಗೆರೆಯೇ! ಜಾಗದಲ್ಲಿ ಹರಡಿಕೊಂಡರೆ ಕಿಂಕ್, ಕಾಲ್ಪನಿಕ ಕಾಲದಲ್ಲಿ ನಡೆದರೆ ಇನ್‌ಸ್ಟಾಂಟಾನ್. ಒಂದು ಕ್ಷಣದ ಸುತ್ತಲಷ್ಟೇ ಇರುವುದರಿಂದ ಆ ಹೆಸರು, ಇಟ್ಟವರು ಡಚ್ ವಿಜ್ಞಾನಿ ಟ್ ಹೂಫ್ಟ್. 1975ರಲ್ಲಿ ಬೆಲಾವಿನ್, ಪೋಲ್ಯಾಕೋವ್, ಶ್ವಾರ್ಟ್ಸ್, ಟ್ಯುಪ್‌ಕಿನ್ ಎಂಬ ನಾಲ್ವರು ಸೋವಿಯತ್ ವಿಜ್ಞಾನಿಗಳು ಯಾಂಗ್-ಮಿಲ್ಸ್ ಸಿದ್ಧಾಂತದಲ್ಲಿ ಇಂಥದ್ದನ್ನು ಕಂಡುಹಿಡಿದರು. ಈಟಾ ಪ್ರೈಮ್ ಎಂಬ ಕಣ ನಿರೀಕ್ಷೆಗಿಂತ ಏಕೆ ಅಷ್ಟು ಭಾರವಾಗಿದೆ ಎಂಬ ಒಗಟಿಗೆ ಮರುವರ್ಷವೇ ಟ್ ಹೂಫ್ಟ್ ಅದರಿಂದ ಉತ್ತರದ ದಾರಿ ತೋರಿಸಿದರು.

ಹೊಸ ಮನೆಯಲ್ಲಿ ಒಂದು ಭಾನುವಾರ ರಾತ್ರಿ ಲ್ಯಾಪ್‌ಟಾಪ್ ತೆರೆದು ನೋಡಿದೆ. ದಾಟುವ ಸಾಧ್ಯತೆ ಲ್ಯಾಂಬ್ಡಾವನ್ನು ಹೇಗೆ ಅವಲಂಬಿಸಿದೆ ಎಂದರೆ, ‘ಇ’ ಎಂಬ ಸಂಖ್ಯೆಯ ಘಾತದಲ್ಲಿ ಋಣ ಒಂದು ಬೈ ಲ್ಯಾಂಬ್ಡಾ. ಲ್ಯಾಂಬ್ಡಾಗೆ 0.1 ಹಾಕಿದೆ, ಬಂದದ್ದು 0.000045. 0.01 ಹಾಕಿದೆ, ದಶಮಾಂಶ ಬಿಂದುವಿನ ನಂತರ 43 ಸೊನ್ನೆಗಳು, ಆಮೇಲೆ 37. ಈ ಸಂಖ್ಯೆ ಸೊನ್ನೆಯಲ್ಲ. ಆದರೂ ಸೊನ್ನೆಯ ಬುಡದಲ್ಲಿ ನಿಂತು ತಿದ್ದುಪಡಿಗಳ ಸರಣಿ ಬರೆದರೆ ಮೊದಲ ತಿದ್ದುಪಡಿ ಸೊನ್ನೆ, ಎರಡನೆಯದು ಸೊನ್ನೆ, ನೂರನೆಯದೂ ಸೊನ್ನೆ. ಎಷ್ಟು ಕೂಡಿದರೂ ಸೊನ್ನೆ. ಅದನ್ನು ಪಡೆಯಬೇಕೆಂದರೆ ಈ ದಡದಿಂದ ಆ ದಡದವರೆಗಿನ ಇಡೀ ದಾರಿಯನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಭೌತಶಾಸ್ತ್ರವನ್ನು ತಂದು ಬದುಕಿಗೆ ಅಂಟಿಸಿ ಉಪದೇಶ ಮಾಡುವುದು ನನಗೆ ಇಷ್ಟವಿಲ್ಲ. ಕಿಂಕ್‌ಗೆ ಸಾಲವಿಲ್ಲ, ನಾಚಿಕೆಯೂ ಇಲ್ಲ. ಆದರೂ ಆ ಸೊನ್ನೆಗಳ ಸಾಲು ನೋಡುತ್ತಾ ನನ್ನ ಹದಿನೈದು ವರ್ಷ ನೆನಪಾದದ್ದು ನಿಜ. ವಾರಕ್ಕೊಂದು ಪುಟ ಓದೋಣ, ತಿಂಗಳಿಗೊಂದು ಲೆಕ್ಕ ಮಾಡೋಣ, ಪ್ರಮೋಷನ್ ಆಗಲಿ, ಈ ರಿಲೀಸ್ ಮುಗಿಯಲಿ. ಸಾಲ 2014ರಲ್ಲೇ ತೀರಿತ್ತು. 2012ರಲ್ಲಿ ಮೇಷ್ಟ್ರು ಒಮ್ಮೆ ಫೋನ್ ಮಾಡಿದ್ದರು. ಮೀಟಿಂಗ್‌ನಲ್ಲಿದ್ದೆ, ಎತ್ತಲಿಲ್ಲ. ಸಂಜೆ ಮಾಡೋಣ ಎಂದುಕೊಂಡೆ. ಮಾರನೇ ದಿನ ಮಾಡಲು ಸ್ವಲ್ಪ ಸಂಕೋಚ. ವಾರ ಕಳೆದ ಮೇಲೆ ಸಂಕೋಚ ಇನ್ನೂ ಜಾಸ್ತಿ. ವರ್ಷ ಕಳೆದ ಮೇಲೆ ಏನು ಹೇಳಲಿ? ಊರಿಗೆ ಹೋದಾಗಲೆಲ್ಲ ಮದ್ದೂರಿನಿಂದ ಮೈಸೂರು ಒಂದೂವರೆ ಗಂಟೆಯ ದಾರಿ. ಹೋಗಲಿಲ್ಲ.

ಎಂಟನೇ ಕ್ಲಾಸಿನ ಮಗಳು ಪಕ್ಕಕ್ಕೆ ಬಂದು ಕೂತು ಅದೇನೆಂದು ಕೇಳಿದಳು. ಬಟ್ಟೆ ಒಣಹಾಕುವ ಹಗ್ಗ ತಂದು, ಎರಡು ಚಾಪೆ ಸುರುಳಿ ಸುತ್ತಿಟ್ಟು, ಕಬ್ಬಿನ ಸಾಲು ಮಾಡಿ ತೋರಿಸಿದೆ. ಅವಳಿಗೆ ಕಿಂಕ್ ಹತ್ತು ನಿಮಿಷದಲ್ಲಿ ಅರ್ಥವಾಯಿತು. ಪುಸ್ತಕ ಏಕೆ ವಾಪಸ್ ಕೊಟ್ಟಿಲ್ಲ ಎಂಬುದು ಅರ್ಥವಾಗಲಿಲ್ಲ.

“ಅವರು ಇನ್ನೂ ಇದ್ದಾರಾ ಅಪ್ಪಾ?”

ನನಗೆ ಗೊತ್ತಿರಲಿಲ್ಲ. ಆ ಪ್ರಶ್ನೆಗೆ ನನ್ನ ಹೊಟ್ಟೆಯಲ್ಲಿ ಆದ ಸಂಕಟವನ್ನು ಇಲ್ಲಿ ಬರೆಯಲಾರೆ.

ಹಳೆಯ ಸಹಪಾಠಿಯೊಬ್ಬನಿಗೆ ಫೋನ್ ಮಾಡಿ ತಿಳಿದುಕೊಂಡೆ. ಇದ್ದರು. ರಿಟೈರ್ ಆಗಿ ಹಲವು ವರ್ಷವಾಗಿತ್ತು, ಅದೇ ಸರಸ್ವತಿಪುರಂ ಮನೆ. ಮಗಳ ದೀಪಾವಳಿ ರಜೆಯಲ್ಲಿ ಊರಿಗೆ ಹೋದಾಗ, ಬೆಳಗ್ಗೆ ಎದ್ದವನೇ ಅಪ್ಪನಿಗೂ ಹೇಳದೆ ಮೈಸೂರು ಬಸ್ ಹತ್ತಿದೆ. ತಡ ಮಾಡಿದರೆ ಮತ್ತೆ ಮನಸ್ಸು ಬದಲಾಗುತ್ತದೆ ಎಂಬ ಭಯ.

ಬಾಗಿಲು ತೆರೆದವರು ಮೇಷ್ಟ್ರೇ. ಸಣ್ಣಗಾಗಿದ್ದರು, ಕನ್ನಡಕ ದಪ್ಪವಾಗಿತ್ತು.

“ಯಾರಪ್ಪಾ?”

ಹೆಸರು ಹೇಳಿದೆ. ಒಂದು ಗಳಿಗೆ ನೋಡಿ, “ಮಂಡ್ಯ. ಕಿಂಕ್. ಬಾ ಒಳಗೆ” ಎಂದರು.

ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಒಂದೂ ಬರಲಿಲ್ಲ. ಬ್ಯಾಗಿನಿಂದ ಪುಸ್ತಕ ತೆಗೆದು ಟೀಪಾಯಿ ಮೇಲಿಟ್ಟೆ. “ಸಾರ್, ತಡ ಆಯ್ತು” ಎಂದೆ, ಅಷ್ಟೇ.

ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಪುಟ ತಿರುಗಿಸತೊಡಗಿದರು. ಅಂಚಿನಲ್ಲೆಲ್ಲ ಅವರದೇ ನೀಲಿ ಇಂಕಿನ ಟಿಪ್ಪಣಿಗಳು. ಕಿಂಕ್‌ನ ಭಾಗ ಬಂದಾಗ ನಿಂತರು. ಅಲ್ಲಿ ಅವರು ದ್ರವ್ಯರಾಶಿಯ ಲೆಕ್ಕವನ್ನು ಮತ್ತೊಂದು ದಾರಿಯಿಂದ ಮಾಡಿಕೊಂಡಿದ್ದರು. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಸಣ್ಣಕ್ಷರದಲ್ಲಿ ನಾನು ಬರೆದದ್ದು: ‘ಗುಣಿಸು 2?’ 2010ರಲ್ಲಿ ಅವರ ಉತ್ತರ ನನ್ನ ಉತ್ತರದ ಅರ್ಧ ಬರುತ್ತಿತ್ತು. ಮೂರು ರಾತ್ರಿ ಕೂತು ಹುಡುಕಿದ ಮೇಲೆ ಗೊತ್ತಾಗಿತ್ತು. ಒಂದು ಸಾಲಿನಿಂದ ಇನ್ನೊಂದು ಸಾಲಿನವರೆಗೆ ಕೂಡಬೇಕಾದಲ್ಲಿ ಮೇಷ್ಟ್ರು ಮಣ್ಣಿನ ನೆತ್ತಿಯಿಂದ ಆ ಕಡೆಗೆ ಮಾತ್ರ ಕೂಡಿದ್ದರು. ಕಿಂಕ್ ಅರ್ಧ ಬಿಟ್ಟುಹೋಗಿತ್ತು. ಮೇಷ್ಟ್ರ ತಪ್ಪು ಹೇಳುವ ಧೈರ್ಯ ಆಗ ನನಗೆಲ್ಲಿತ್ತು? ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಸುಮ್ಮನಾಗಿದ್ದೆ.

“ಇದು ನಿನ್ನ ಬರಹಾನಾ?”

“ಹೌದು ಸಾರ್.”

“ಆವಾಗ್ಲೇ ಬರೆದದ್ದಾ?”

“ಹೌದು ಸಾರ್.”

ಒಂದು ಹಾಳೆ, ಪೆನ್ನು ಮುಂದೆ ತಳ್ಳಿದರು. “ಮಾಡಿ ತೋರ್ಸು.”

ಕೈ ನಡುಗುತ್ತಿತ್ತು. ಮೊದಲ ಸಾಲು ಬರೆದೆ. ಎರಡನೇ ಸಾಲಿನಲ್ಲಿ ಚಿಹ್ನೆ ತಪ್ಪಿತು. ಅವರು ಬೆರಳಿಟ್ಟು “ಹ್ಞೂಂ” ಎಂದರು, ತಿದ್ದಿದೆ. ಆಮೇಲೆ ಬರತೊಡಗಿತು. ಎರಡು ರೂಟ್ ಎರಡು ಬೈ ಮೂರು, ಎಂ ಘನ ಬೈ ಲ್ಯಾಂಬ್ಡಾ. ಪುಸ್ತಕದಲ್ಲಿರುವ ಉತ್ತರವೇ. ಮೇಷ್ಟ್ರು ತಮ್ಮ ಟಿಪ್ಪಣಿಯನ್ನು ಮತ್ತೊಮ್ಮೆ ನೋಡಿ, ನೀಲಿ ಇಂಕಿನಲ್ಲೇ ನನ್ನ ಪ್ರಶ್ನಾರ್ಥಕ ಚಿಹ್ನೆಗೆ ಅಡ್ಡಗೆರೆ ಎಳೆದರು. ‘ಗುಣಿಸು 2’ ಮಾತ್ರ ಉಳಿಯಿತು.

“ಹೇಳ್ಬಾರ್ದಿತ್ತೇನೋ? ಹತ್ತಾರು ಹುಡುಗ್ರಿಗೆ ಅರ್ಧಾನೇ ಹೇಳ್ಕೊಟ್ಟಿದೀನಲ್ಲೋ” ಎಂದರು. ಅಷ್ಟು ಹೊತ್ತಿಗೆ ಅವರ ಹೆಂಡತಿ ಕಾಫಿ ತಂದರು. ಮಾತು ಅಪ್ಪನ ಆರೋಗ್ಯ, ಪುಣೆಯ ಮಳೆ, ಮಗಳ ಓದಿನ ಕಡೆ ಹೋಯಿತು. ಪಿಎಚ್.ಡಿ. ಬಗ್ಗೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊರಡುವಾಗ ಮಾತ್ರ, “ಆಮೇಲೆ ಇನ್‌ಸ್ಟಾಂಟಾನ್ ಭಾಗ ಮಾಡಿದ್ಯಾ?” ಎಂದರು. ಪೂರ್ತಿ ಆಗಿಲ್ಲ ಸಾರ್ ಎಂದೆ.

“ಅದೇ ಲೆಕ್ಕ ಕಣೋ. ಎಕ್ಸ್ ಬದಲು ಟೌ ಹಾಕು. ಸುತ್ತಲಿನ ಏರಿಳಿತ ಸೇರಿಸೋದು ಕಷ್ಟ, ಅದಕ್ಕೆ ಕೂತ್ಕೋಬೇಕು. ಒಂದೇ ಸಲ ಕೂತ್ಕೋ, ಬಿಡಿ ಬಿಡಿಯಾಗಿ ಆಗೋದಿಲ್ಲ.”

ಪುಸ್ತಕವನ್ನು ನನಗೇ ಕೊಟ್ಟುಬಿಡುತ್ತಾರೇನೋ ಎಂಬ ಸಣ್ಣ ಆಸೆ ನನಗಿತ್ತು, ಸುಳ್ಳೇಕೆ ಹೇಳಲಿ. ಕೊಡಲಿಲ್ಲ. ಪಕ್ಕದ ಬೀದಿಯ ಹುಡುಗಿಯೊಬ್ಬಳು ಎಂ.ಎಸ್ಸಿ. ಮಾಡುತ್ತಿದ್ದಾಳಂತೆ, ಅವಳಿಗೆ ಬೇಕಂತೆ. “ಅವಳಿಗೆ ಮೊದಲೇ ಹೇಳ್ಬಿಡ್ತೀನಿ, ಒಂದು ವಾರದಲ್ಲಿ ವಾಪಸ್ ಅಂತ” ಎಂದಾಗ ಮಾತ್ರ ಮೇಷ್ಟ್ರ ಮುಖದಲ್ಲಿ ನಗು ಕಾಣಿಸಿತು.

ಬಸ್ ಸ್ಟ್ಯಾಂಡಿಗೆ ನಡೆಯುವ ಮೊದಲು ಪುಸ್ತಕವನ್ನು ಅರ್ಧ ಗಂಟೆ ಎರವಲು ಪಡೆದು, ಬೀದಿ ಕೊನೆಯ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿಕೊಂಡೆ. ಅರ್ಧ ಗಂಟೆ ಎಂದದ್ದು ಮುಕ್ಕಾಲು ಗಂಟೆಯಾಯಿತು. ವಾಪಸ್ ಹೋದಾಗ ಮೇಷ್ಟ್ರು ಗೇಟಿನ ಹತ್ತಿರವೇ ನಿಂತಿದ್ದರು.

ಸಂಜೆ ಊರಿಗೆ ಬಂದಾಗ ಅಪ್ಪ ನಾಲೆ ಏರಿಯ ಮೇಲಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಒಂದು ಪುಸ್ತಕ ಕೊಡೋದಿತ್ತಪ್ಪ, ಕೊಟ್ಟು ಬಂದೆ ಎಂದೆ.